ತಿಂಗಳಿಗೊಮ್ಮೆ ಒತ್ತುವ ಗುಂಡಿ

ಫೆಬ್ರವರಿ 3

ಅಪ್ಪ,

ಎರಡು ವರ್ಷ ನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಜೈಲಿನಲ್ಲಿ ಹೇಗಿದ್ದೀರಿ ಎಂದು ವಿಚಾರಿಸಲು ಅಲ್ಲ, ಒಂದು ಕೆಲಸವಿದೆ. ಅದನ್ನು ಮೊದಲೇ ಹೇಳಿಬಿಟ್ಟರೆ ಇಬ್ಬರಿಗೂ ಒಳ್ಳೆಯದು.

ಅಲ್ಮೇರಾದ ಮೇಲೆ ನೀವು ಕೂರಿಸಿದ್ದ ಹಳೆಯ ಕಂಪ್ಯೂಟರು, ನೀವು ಸರ್ವರ್ ಎನ್ನುತ್ತಿದ್ದಿರಲ್ಲ, ಅದು ಇನ್ನೂ ಓಡುತ್ತಿದೆ. ಬಾಗಿಲ ಕ್ಯಾಮೆರಾ ಕೂಡ ಕೆಲಸ ಮಾಡುತ್ತದೆ. ನಾನು ಕೆಲಸದಲ್ಲಿರುವಾಗ ಫೋನಿನಿಂದ ಮನೆಯನ್ನು ನೋಡುವಂತಾಗಬೇಕು. ಅಮ್ಮ ಹಗಲೆಲ್ಲ ಒಬ್ಬಳೇ. ಎಡಗಿವಿ ಪೂರ್ತಿ ಹೋಗಿದೆ. ಯಾರಾದರೂ ಬಾಗಿಲು ಬಡಿದರೆ ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯದೆ ಬಚ್ಚಲಿನ ಕಡೆ ತಿರುಗಿ ನಿಲ್ಲುತ್ತಾಳೆ. ಮನೆಯ ಇಂಟರ್ನೆಟ್ ಲೈನಿನ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಹೋದೆ. ಮಧ್ಯಾಹ್ನ ಲೈನ್ ಒಮ್ಮೆ ಕಡಿದು ಬಂತು, ನಂಬರು ಬದಲಾಗಿತ್ತು, ಚೀಟಿ ಕಸವಾಯಿತು.

ಕಂಪ್ಯೂಟರ್ ಅಂಗಡಿಯವನನ್ನು ಕೇಳಿದೆ. "ಅದಕ್ಕೆ ಡೈನಾಮಿಕ್ ಡಿಎನ್‌ಎಸ್ ಅಂತ ಇದೆ ಮೇಡಂ, ಬಿಟ್ಟಿ ಸಿಗುತ್ತೆ. ನಂಬರು ದಿನಕ್ಕೆ ಹತ್ತು ಸಲ ಬದಲಾದ್ರೂ ಹೆಸರು ಒಂದೇ ಇರುತ್ತೆ, ಹೆಸರು ಹೊಡೆದ್ರೆ ಮನೆ ಸಿಗುತ್ತೆ" ಎಂದ. ಮೂರು ಸೇವೆಗಳನ್ನು ಬರೆದುಕೊಟ್ಟ. ಮೊದಲನೆಯದು ತಿಂಗಳಿಗೊಮ್ಮೆ ಮೇಲ್ ಕಳಿಸಿ 'ಇನ್ನೂ ಇದ್ದೀರಾ?' ಎಂದು ಕೇಳುತ್ತದಂತೆ; ಗುಂಡಿ ಒತ್ತದಿದ್ದರೆ ಹೆಸರು ಕಿತ್ತುಹಾಕುತ್ತದಂತೆ. ಎರಡನೆಯದನ್ನು ಯಾರೋ ಇಬ್ಬರು ಗೆಳೆಯರು ಹವ್ಯಾಸಕ್ಕೆ ನಡೆಸುತ್ತಾರೆ. ಏನೂ ಕೇಳುವುದಿಲ್ಲ, ಯಾವತ್ತು ನಿಲ್ಲಿಸುತ್ತಾರೋ ಹೇಳುವುದೂ ಇಲ್ಲ. ಮೂರನೆಯದು ರೌಟರ್ ಮಾಡಿದ ಕಂಪನಿಯದೇ.

ರೌಟರಿಗೂ ಕಂಪ್ಯೂಟರಿಗೂ ನೀವು ಹಾಕಿದ ಪಾಸ್‌ವರ್ಡ್ ನಮಗೆ ಗೊತ್ತಿಲ್ಲ. ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಡುತ್ತೇನೆ ಎಂದ ಅಂಗಡಿಯವನು. ಹಳೆಯದು ಅಳಿಯಬಾರದು. ಆದ್ದರಿಂದ ಎರಡೇ ಪ್ರಶ್ನೆ: ಪಾಸ್‌ವರ್ಡ್ ಏನು, ಮೂರರಲ್ಲಿ ಯಾವುದು ಸರಿ.

ಮನೆ ಹಾಗೇ ಇದೆ, ಏನೂ ಬದಲಾಗಿಲ್ಲ. ಉತ್ತರವನ್ನು ಮಾತ್ರ ವಕೀಲರ ಕಚೇರಿಗೆ ಕಳಿಸಿ. ನಿಮ್ಮ ಅಕ್ಷರ ಅಮ್ಮನ ಕಣ್ಣಿಗೆ ಬೀಳುವುದು ಬೇಡ.

ಇಂತಿ,
ಮಗಳು


ಫೆಬ್ರವರಿ 11

ನನ್ನ ಗಿಣಿ,

ನಿನ್ನ ಅಕ್ಷರ ನೋಡಿದ ಕೂಡಲೇ ಗೋಡೆಗೆ ಒರಗಿ ಕೂತುಬಿಟ್ಟೆ. ಪಕ್ಕದವನು "ಯಾರು ಸತ್ರು?" ಎಂದು ಕೇಳಿದ. "ಸತ್ತಿಲ್ಲ ಕಣೋ, ನನ್ನ ಮಗಳು ಬದುಕಿದಾಳೆ" ಎಂದೆ.

ವಿಚಾರಿಸಲು ಬರೆದಿಲ್ಲ ಎಂದಿದ್ದೀಯ. ಆಗಲಿ ತಾಯಿ. ಆದರೂ ಹೇಳುತ್ತೇನೆ, ಈ ಪತ್ರ ನನ್ನದು. ಬಲಗೈಯ ಎರಡು ಬೆರಳು ಮುರಿದಿವೆ, ಅದಕ್ಕೇ ಅಕ್ಷರ ಹೀಗೆ ಕುಂಟುತ್ತಿದೆ. ಹೋದ ವಾರ ನೀರಿನ ಸಾಲಿನಲ್ಲಿ ಒಬ್ಬ ನನ್ನ ಬಕೆಟ್ ಒದ್ದ. "ಎತ್ತಿಡು" ಎಂದೆ. "ನಲ್ಲಿ ನಿಮ್ಮಪ್ಪಂದಾ?" ಎಂದ. ತಲೆಗೂದಲು ಹಿಡಿದು ಅದೇ ನಲ್ಲಿಗೆ ಮುಖ ಗುದ್ದಿಸಿದೆ. ಹುಬ್ಬು ಸೀಳಿ ಬಕೆಟ್ಟಿನ ನೀರು ಕೆಂಪಗಾಯಿತು. ಅವನ ಕಡೆಯ ಇಬ್ಬರು ನನ್ನನ್ನು ಕೆಡವಿ, ಕೈಯನ್ನು ನೆಲಕ್ಕೆ ಒತ್ತಿ ಹಿಡಿದು, ಹಿಮ್ಮಡಿಯಿಂದ ತುಳಿದರು. ಬೆರಳು ಮುರಿದ ಸದ್ದು ನನಗೇ ಕೇಳಿಸಿತು. 'ಜಾರಿ ಬಿದ್ದ' ಎಂದು ಜೈಲಿನವರು ಪುಸ್ತಕದಲ್ಲಿ ಬರೆದುಕೊಂಡರು, ಎಲ್ಲರಿಗೂ ಅದೇ ಸಲೀಸು. ಕಳಿಸುವ ಮುಂಚೆ ಈ ಪತ್ರ ಓದುವ ಸಾಹೇಬರಿಗೂ ಗೊತ್ತು.

ಸರಿ, ಕೆಲಸಕ್ಕೆ ಬರೋಣ. ಅಂಗಡಿಯವನು ಹೇಳಿದ್ದು ಅರ್ಧ. ಬಾಡಿಗೆ ಮನೆ ಬದಲಿಸುತ್ತಲೇ ಇರುವವನು ಪ್ರತಿ ಸಲವೂ ಅಂಚೆಯವನಿಗೆ ಹೊಸ ವಿಳಾಸ ಹೇಳಿ ಹೋಗುತ್ತಾನಲ್ಲ, ಅಷ್ಟೇ ಇದು. ಸರ್ವರಿನೊಳಗೆ ಒಂದು ಪುಟ್ಟ ಪ್ರೋಗ್ರಾಂ ಕೂತಿರುತ್ತದೆ. ಐದು ನಿಮಿಷಕ್ಕೊಮ್ಮೆ ಆ ಸೇವೆಗೆ 'ಈಗ ನನ್ನ ನಂಬರು ಇದು' ಎಂದು ಕೂಗಿ ಹೇಳುತ್ತದೆ. ಹೆಸರು ಹೊಡೆದು ಕೇಳಿದವರಿಗೆಲ್ಲ ಸೇವೆ ಆ ನಂಬರು ಕೊಡುತ್ತದೆ.

ರೌಟರ್ ಕಂಪನಿಯದ್ದು ಬೇಡವೇ ಬೇಡ. ರೌಟರ್ ಕೆಟ್ಟ ದಿನ ಹೆಸರೂ ಮಣ್ಣುಪಾಲು. ಆ ಗೆಳೆಯರದ್ದೂ ಬೇಡ. ಇಬ್ಬರಲ್ಲಿ ಒಬ್ಬನಿಗೆ ಮದುವೆಯಾದರೆ ಸಾಕು, ಅಂಗಡಿ ಬಂದ್. ಮೊದಲನೆಯದೇ ಸರಿ. ನಾಲ್ಕು ವರ್ಷ ನಾನು ಬಳಸಿದ್ದು ಅದನ್ನೇ. ಒಂದು ದಿನವೂ ಕೈಕೊಡಲಿಲ್ಲ. ತಿಂಗಳಿಗೊಂದು ಸಲ ಗುಂಡಿ ಒತ್ತುವುದಕ್ಕೆ ಏನು ಸೋಮಾರಿತನ?

ಇನ್ನೊಂದು ಮಾತು, ಇದು ಅಂಗಡಿಯವರಿಗೆ ತಿಳಿಯುವುದಿಲ್ಲ, ಕಂಬ ಹತ್ತಿದ ನನ್ನಂಥ ಲೈನ್‌ಮನ್‌ಗೆ ಮಾತ್ರ ತಿಳಿಯುತ್ತದೆ. ಕೆಲವು ಕಡೆ ಒಂದೇ ನಂಬರನ್ನು ನೂರು ಮನೆಗೆ ಹಂಚಿರುತ್ತಾರೆ. ಹಾಗಿದ್ದರೆ ಯಾವ ಸೇವೆ ಆರಿಸಿದರೂ ಹೊರಗಿನಿಂದ ನಿನಗೆ ಮನೆ ಸಿಗುವುದಿಲ್ಲ, ವೃಥಾ ಒದ್ದಾಟ. ರೌಟರಿನ ಪರದೆಯಲ್ಲಿ ಕಾಣುವ ನಂಬರನ್ನು ಪೂರ್ತಿ ಬರೆದು ಕಳಿಸು. ನೋಡಿ ಹೇಳುತ್ತೇನೆ.

ಪಾಸ್‌ವರ್ಡ್ ಎರಡಕ್ಕೂ ಒಂದೇ. ನಿಮ್ಮಮ್ಮನನ್ನು ನಾನು ಕರೆಯುತ್ತಿದ್ದ ಹೆಸರು, ಅದರ ಹಿಂದೆಯೇ ನೀನು ಹುಟ್ಟಿದ ವರ್ಷ. ಸಿಟ್ಟು ಬಂದಾಗ ಕರೆಯುತ್ತಿದ್ದದ್ದಲ್ಲ, ಇನ್ನೊಂದು.

ಅವಳು ನನ್ನ ವಿಷಯ ಏನಾದರೂ ಕೇಳುತ್ತಾಳಾ?

ನಿನ್ನ ಪ್ರೀತಿಯ
ಅಪ್ಪ


ಮಾರ್ಚ್ 1

ಅಪ್ಪ,

ಪಾಸ್‌ವರ್ಡ್ ಸರಿಯಿತ್ತು. 'ಇನ್ನೊಂದು' ಹೆಸರು ಯಾವುದೆಂದು ನೆನಪು ಮಾಡಿಕೊಳ್ಳಲು ಎರಡು ದಿನ ಬೇಕಾಯಿತು. ಕೊನೆಗೆ ಅಮ್ಮನನ್ನು ಕೇಳಿದೆ. ಅವಳಿಗೂ ಥಟ್ಟನೆ ಹೊಳೆಯಲಿಲ್ಲ.

ರೌಟರ್ ತೋರಿಸುವ ನಂಬರು 203.0.113.47. ಇವತ್ತು ಬೆಳಿಗ್ಗೆ ನೋಡಿ ಬರೆದದ್ದು. ನಾಳೆ ಕೊನೆಯ ತುಂಡು ಬದಲಾಗಿರುತ್ತದೆ, ಮೊದಲ ಮೂರು ತುಂಡು ಯಾವಾಗಲೂ ಅದೇ.

ಮೊದಲನೆಯ ಸೇವೆ ಬೇಡ. ಅದು ನೀವು ಬಳಸುತ್ತಿದ್ದದ್ದು, ಅಷ್ಟೇ ಕಾರಣ ಸಾಕು. ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಊಟದ ಮೇಜಿನ ಹತ್ತಿರ ಕೂತು, ಫೋನನ್ನು ನಮ್ಮ ಕಡೆ ತಿರುಗಿಸಿ, ನಮಗೆ ಕಾಣುವ ಹಾಗೆ ಆ ಗುಂಡಿ ಒತ್ತುತ್ತಿದ್ದಿರಿ. "ಇನ್ನೊಂದ್ ತಿಂಗಳು ನನ್ನ ಕಣ್ಣು ತಪ್ಪಿಸಕ್ಕಾಗಲ್ಲ ನೋಡ್ರವ್ವ" ಎಂದು ನಗುತ್ತಿದ್ದಿರಿ. ನಾವೂ ನಗಬೇಕಿತ್ತು. ನಗದಿದ್ದರೆ ಅದಕ್ಕೊಂದು ಏಟು.

ನೀರಿನ ಮೀಟರ್ ಓದುವವನು ಬಂದ ದಿನ ನೆನಪಿದೆಯೇ? ಕುಡಿಯಲು ನೀರು ಕೇಳಿದ. ಅಮ್ಮ ಕೊಟ್ಟಳು. ಲೋಟ ವಾಪಸ್ ಕೊಡುವಾಗ ಅವನೇನೋ ಹೇಳಿದ, ಅಮ್ಮ ನಕ್ಕಳು. ನೀವು ಯಾವುದೋ ಕಂಬದ ಮೇಲಿದ್ದಿರಿ. ಅಲ್ಲಿಂದಲೇ ಫೋನ್ ಮಾಡಿ, "ಎಷ್ಟು ಹಲ್ಲು ಬಿಟ್ಟೆ ಅಂತ ಎಣಿಸ್ಲಾ?" ಎಂದಿರಿ. ಅಮ್ಮ ಫೋನ್ ಕೆಳಗಿಟ್ಟು ಒಲೆ ಆರಿಸಿದಳು. ಇನ್ನು ಅರ್ಧ ಗಂಟೆ ಎಂದು ಅವಳಿಗೆ ಗೊತ್ತಿತ್ತು.

ಬಂದವರೇ ಹೆಗಲ ಮೇಲಿನ ಕೇಬಲ್ ಸುರುಳಿಯಿಂದ ಒಂದು ತುಂಡು ಕತ್ತರಿಸಿಕೊಂಡಿರಿ. ನಾನು ಅಡ್ಡ ಬಂದೆ, ಮೊದಲ ಏಟು ನನ್ನ ಮೊಣಕೈಗೆ ಬಿತ್ತು. ಉಳಿದವು ಅವಳ ಬೆನ್ನಿಗೆ. ಕತ್ತರಿಸಿದ ತುದಿಯಲ್ಲಿ ಒಳಗಿನ ತಾಮ್ರದ ತಂತಿ ಹೊರಗೆ ಚಾಚಿಕೊಂಡಿತ್ತು. ಪ್ರತಿ ಏಟಿಗೂ ಬಟ್ಟೆ ಸಿಕ್ಕಿಕೊಂಡು ಅದರ ಜೊತೆ ಚರ್ಮವೂ ಕಿತ್ತು ಬರುತ್ತಿತ್ತು. ಹದಿನೇಳು. ನಾನು ಎಣಿಸಿದ್ದೇನೆ. ಆಮೇಲೆ ನೀವು ಕೈ ತೊಳೆದುಕೊಂಡು ಊಟ ಕೇಳಿದಿರಿ. ಅವಳು ಬಡಿಸಿದಳು.

ನಿಮ್ಮನ್ನು ಪೊಲೀಸರು ಕರೆದುಕೊಂಡು ಹೋಗಿ ನಲವತ್ತು ದಿನವಾದ ಮೇಲೆ ಮನೆಯಲ್ಲೇ ಉಳಿದಿದ್ದ ನಿಮ್ಮ ಫೋನಿಗೆ ಒಂದು ಮೇಲ್ ಬಂತು. ಗುಂಡಿ ಒತ್ತಲಿಲ್ಲ, ಹೆಸರು ರದ್ದಾಗಿದೆ ಎಂದು. ಅಮ್ಮನಿಗೆ ಓದಿ ಹೇಳಿದೆ. ಆಸ್ಪತ್ರೆಯಲ್ಲಿ ಅವಳ ಮುರಿದ ದವಡೆಗೆ ತಂತಿ ಕಟ್ಟಿದ್ದರು, ಆ ಸಂದಿಯಿಂದಲೇ, "ಅಂದ್ರೆ ಈಗ ಯಾರೂ ನೋಡ್ತಿಲ್ವಾ?" ಎಂದು ಕೇಳಿದಳು. "ಇಲ್ಲಮ್ಮ." ಒಂದು ಸ್ಟೂಲ್ ಎಳೆದುಕೊಂಡು ಹೋಗಿ, ಬಾಗಿಲು ಪೂರ್ತಿ ತೆಗೆದು, ಕ್ಯಾಮೆರಾದ ನೇರ ಕೆಳಗೆ ಸಂಜೆಯ ತನಕ ಕೂತಿದ್ದಳು. ಬೀದಿಯಲ್ಲಿ ಹೋಗುವವರನ್ನೆಲ್ಲ ನೋಡಿದಳು.

ಅವಳು ನಿಮ್ಮ ವಿಷಯ ಕೇಳುವುದಿಲ್ಲ.

ಇಂತಿ,
ಮಗಳು


ಮಾರ್ಚ್ 12

ಏನೇ, ನಾಲಿಗೆ ಇಷ್ಟುದ್ದ ಆಯಿತಾ?

ನಿನ್ನ ಪತ್ರ ಹರಿದು ಹಾಕಿದೆ. ಆಮೇಲೆ ನಂಬರು ಬೇಕಲ್ಲ ಎಂದು ಚೂರು ಆಯ್ದು ಅನ್ನದ ಅಂಟಿನಲ್ಲಿ ಜೋಡಿಸಿದೆ. ಮತ್ತೆ ಓದಿದೆ. ಮತ್ತೆ ಮೈಯೆಲ್ಲ ಉರಿಯಿತು.

ಹದಿನೇಳು ಎಣಿಸಿದಳಂತೆ! ನಾನು ಸುಡುವ ಬಿಸಿಲಲ್ಲಿ ಹತ್ತಿದ ಕಂಬಗಳನ್ನು ಎಣಿಸಿದವರು ಯಾರು? ಒಂದು ಸಲ ಕರೆಂಟ್ ಹೊಡೆದು ಮೂರು ಆಳೆತ್ತರದಿಂದ ಬಿದ್ದೆ, ಭುಜದ ಮೂಳೆ ಹೊರಬಂತು, ಮಾರನೆಯ ವಾರ ಮತ್ತೆ ಹತ್ತಿದೆ. ಯಾರಿಗಾಗಿ ಹತ್ತಿದೆ? ಮೇಲೆ ನಿಂತು ಫೋನ್ ತೆಗೆದರೆ ನನ್ನ ಹೆಂಡತಿ ಯಾರೋ ಬೀದಿಯವನ ಜೊತೆ ಕಿಸಿಯುತ್ತಾ ನಿಂತಿದ್ದಳು. ನೋಡಿಕೊಂಡು ಸುಮ್ಮನಿರಬೇಕಿತ್ತಾ? ಮನೆ ನನ್ನದು, ಕಣ್ಣು ನನ್ನದು. ಸ್ವಲ್ಪ ಕೈ ಮೀರಿತು, ಒಪ್ಪುತ್ತೇನೆ. ಅಷ್ಟಕ್ಕೇ ಅಪ್ಪನನ್ನು ಜೈಲಿಗೆ ಹಾಕಿಸುವ ಮಕ್ಕಳು ನಿನ್ನ ಹಾಗೆ ಇನ್ನೆಷ್ಟು ಜನ ಇದ್ದಾರೆ ಹೇಳು. ನಾನು ಈಗ ಹೊರಗಿದ್ದಿದ್ದರೆ ಆ ಪತ್ರ ಬರೆದ ಕೈಯನ್ನು

ಇರಲಿ.

ನಂಬರು ನೋಡಿದೆ. ಹಂಚಿದ ನಂಬರಲ್ಲ, ಸಾಚಾ. ಹೊರಗಿನಿಂದ ತಲುಪುತ್ತದೆ. ನಿನಗೆ ಇಷ್ಟ ಬಂದ ಸೇವೆ ಹಾಕಿಕೋ, ನನ್ನ ಮಾತು ಯಾವತ್ತು ಕೇಳಿದ್ದೀಯ.

ಮನೆ ಹಾಗೇ ಇದೆ ಎಂದೆಯಲ್ಲ. ಬಹಳ ಸಂತೋಷ. ಹಾಗೇ ಇರಲಿ.

ಒಳ್ಳೆಯ ನಡತೆಗೆ ಶಿಕ್ಷೆಯಲ್ಲಿ ಕಡಿತ ಸಿಕ್ಕಿದೆ. ಆಗಸ್ಟ್ ಇಪ್ಪತ್ತಕ್ಕೆ ಬಿಡುತ್ತಾರೆ. ಕ್ಯಾಮೆರಾ, ರೌಟರು, ಹೆಸರು, ಏನೇ ತೊಂದರೆಯಿದ್ದರೂ ನಾನೇ ಬಂದು ಸರಿಮಾಡಿಕೊಡುತ್ತೇನೆ. ನಿಮ್ಮಮ್ಮನಿಗೂ ಹೇಳು.

ಅಪ್ಪ


ಏಪ್ರಿಲ್ 19

ಅಪ್ಪ,

ಆಗಸ್ಟ್ ಇಪ್ಪತ್ತು ಎಂದು ನನಗೆ ಜನವರಿಯಲ್ಲೇ ಗೊತ್ತಿತ್ತು. ವಕೀಲರು ಹೇಳಿದ್ದರು. ಅದಕ್ಕೇ ನಿಮಗೆ ಬರೆದದ್ದು. ಕ್ಯಾಮೆರಾ ಕಳ್ಳರಿಗಲ್ಲ. ನಿಮಗೆ.

ಆ ಯಂತ್ರಕ್ಕೆ ಬೀಗ ಹಾಕಿದವರು ನೀವು, ಆದ್ದರಿಂದ ನಿಮ್ಮಿಂದ ನಮ್ಮನ್ನು ಕಾಯಲು ನಿಮ್ಮನ್ನೇ ಕೇಳಬೇಕಾಯಿತು. ನಾಚಿಕೆಯಾಯಿತು, ಆದರೂ ಕೇಳಿದೆ. ಈಗ ಬಾಗಿಲಿಗೆ ಒಂದು, ಕಿಟಕಿಗೆ ಒಂದು, ಮೆಟ್ಟಿಲಿಗೆ ಒಂದು, ಒಟ್ಟು ಮೂರು ಕ್ಯಾಮೆರಾ. ಸೇವೆ ಆ ಇಬ್ಬರು ಗೆಳೆಯರದ್ದೇ. ಅದು ನನ್ನನ್ನು ಏನೂ ಕೇಳುವುದಿಲ್ಲ, ನನಗೆ ಬೇಕಾದದ್ದೂ ಅದೇ. ಹೆಸರು ಅಮ್ಮ ಇಟ್ಟಳು. ನಿಮ್ಮಿಂದ ಊಹಿಸಲಾಗದ ಹೆಸರು.

ಹಳೆಯದು ಅಳಿಯಬಾರದು ಎಂದಿದ್ದೆನಲ್ಲ, ಅದೂ ಸಿಕ್ಕಿತು. ಅಮ್ಮನ ಮೇಲೆ ಕಣ್ಣಿಡಲು ಇಟ್ಟ ಕ್ಯಾಮೆರಾ ನಿಮ್ಮನ್ನೂ ನೋಡಿದೆ. ಪೊಲೀಸರು ನಿಮ್ಮನ್ನು ಹಿಡಿದೊಯ್ದ ಕೊನೆಯ ದಿನದ್ದು ಪೂರ್ತಿ ಇದೆ. ಅವಳು ಹೊಸ್ತಿಲಲ್ಲಿ ಬಿದ್ದಿದ್ದಾಳೆ. ನೀವು ಕಂಬಕ್ಕೆ ಬಳಸುವ ದೊಡ್ಡ ಸ್ಪ್ಯಾನರ್ ಹಿಡಿದು ಅವಳ ಎದೆಯ ಮೇಲೆ ಮಂಡಿಯೂರಿದ್ದೀರಿ. ಎರಡನೆಯ ಏಟಿಗೇ ದವಡೆ ಪಕ್ಕಕ್ಕೆ ಸರಿದುಹೋಗಿದೆ. ಮತ್ತೂ ನಾಲ್ಕು ಹೊಡೆದಿದ್ದೀರಿ. ಮಧ್ಯೆ ಒಂದು ಸಲ ನಿಲ್ಲಿಸಿ ಹಣೆಯ ಬೆವರು ಒರೆಸಿಕೊಂಡಿದ್ದೀರಿ. ಅದನ್ನು ನಾನು ಮೂರು ಸಲ ಹಿಂದೆ ಹಾಕಿ ನೋಡಿದೆ. ಎಲ್ಲದರ ನಕಲು ವಕೀಲರ ಹತ್ತಿರ ಇದೆ. ನೀವು ನಮ್ಮ ಹತ್ತಿರ ಸುಳಿಯಬಾರದೆಂದು ಕೋರ್ಟಿನಿಂದ ಆದೇಶ ಕೇಳಿದ್ದೇವೆ.

ನಾನು ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದೇನೆ. ಆ ವಿದ್ಯೆ ಯಾಕೆ ಕಲಿತೆನೆಂದು ಇನ್ನು ಹೇಳಬೇಕಾಗಿಲ್ಲ. ಅಮ್ಮನಿಗೆ ಹನ್ನೊಂದು ಹಲ್ಲು. ಮೇಣದಲ್ಲಿ ಅಚ್ಚು ತೆಗೆದು, ಒಂದೊಂದನ್ನೂ ಉಜ್ಜಿ, ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸಿ ನಾನೇ ಮಾಡಿದೆ. ಮೊದಲ ದಿನ ಹಾಕಿಕೊಂಡು ಕನ್ನಡಿ ನೋಡಿದವಳು, "ನಂದೇ ಇದ್ದಂಗಿದೆ ಕಣೇ" ಎಂದು ಅತ್ತಳು.

ಈ ಬಾಗಿಲಿಗೆ ಬರಬೇಡಿ.

ಮಗಳು


ಜೂನ್ 27

ಗಿಣಿ,

ಎರಡು ತಿಂಗಳು ಬರೆಯಲಿಲ್ಲ. ಕಾರಣ ಹೇಳುತ್ತೇನೆ. ಪತ್ರ ಓದುವ ಸಾಹೇಬರೇ, ತಾವೂ ಓದಿ, ಬೇಕಾದರೆ ನಕಲು ತೆಗೆದು ಕೋರ್ಟಿಗೆ ಕೊಡಿ. ನಾನೇ ಬರೆದದ್ದು ಎಂದು ಹೆಬ್ಬೆಟ್ಟನ್ನೂ ಒತ್ತಿದ್ದೇನೆ.

ಮನೆ ಹಾಗೇ ಇದೆ ಎಂದು ನೀನು ಬರೆದೆ. ನೀವು ಆ ಮನೆಯಲ್ಲಿಲ್ಲ. ಮಾರ್ಚಿನಿಂದಲೇ ನನಗೆ ಗೊತ್ತು. ಹಳೆಯ ಮನೆಯ ನಂಬರು 198ರಿಂದ ಶುರುವಾಗುತ್ತಿತ್ತು. ನೀನು ಬರೆದದ್ದು 203. ಮನೆ ಬಿಡುವಾಗ ಹಳೆಯ ಕಂಪನಿಯ ಲೈನನ್ನೇ ಹೊಸ ಮನೆಗೆ ವರ್ಗ ಮಾಡಿಸಿಕೊಂಡಿದ್ದೀಯ. ಪೆದ್ದಿ, ಆ ಕಂಪನಿಯಲ್ಲಿ ನಾನು ಹದಿನಾಲ್ಕು ವರ್ಷ ಕಂಬ ಹತ್ತಿದವನು. ಮೊದಲ ಮೂರು ತುಂಡು ಕೇಳಿದರೆ ಯಾವ ಬೀದಿಯ ಹಂಚಿಕೆ ಪೆಟ್ಟಿಗೆಯಿಂದ ಲೈನ್ ಹೋಗಿದೆ ಎಂದು ನಿದ್ದೆಗಣ್ಣಲ್ಲೂ ಹೇಳುತ್ತೇನೆ. ನಿಮ್ಮದು ಗಾಜಿನ ಕಾರ್ಖಾನೆಯ ಹಿಂದಿನ ಬೀದಿ. ಆ ಪೆಟ್ಟಿಗೆ ಕೂರಿಸಿದವನೇ ನಾನು. ಅದರಿಂದ ಹೋಗುವುದು ನಲವತ್ತೊಂದು ಮನೆ.

ನಂಬರು ಕೇಳಿದ್ದು ಹಂಚಿದ ನಂಬರೋ ಅಲ್ಲವೋ ನೋಡಲಿಕ್ಕೇ. ಸುಳ್ಳಲ್ಲ. ಗೊತ್ತಾದ ಮೇಲೆ ಸುಮ್ಮನಿದ್ದದ್ದು ಮಾತ್ರ ಬೇಕೆಂದೇ.

ಏಪ್ರಿಲ್ ಪತ್ರ ಬಂದ ಮೇಲೆ ಆ ಬೀದಿಯನ್ನು ಗೋಡೆಯ ಮೇಲೆ ಮೊಳೆಯಿಂದ ಗೀಚಿದೆ. ಯಾವ ಮನೆಗೆ ಮೆಟ್ಟಿಲಿದೆ, ಯಾವುದಕ್ಕಿಲ್ಲ, ಎಲ್ಲ ನೆನಪಿದೆ. ಮೆಟ್ಟಿಲಿಗೆ ಒಂದು ಕ್ಯಾಮೆರಾ ಎಂದು ನೀನು ಬರೆದಿದ್ದೆ, ಹನ್ನೆರಡು ಮನೆ ಉಳಿದವು. ಲೈನ್ ರಿಪೇರಿ ಎಂದು ಬಾಗಿಲು ತಟ್ಟಿದರೆ ಯಾರಾದರೂ ತೆಗೆಯುತ್ತಾರೆ. ಅರ್ಧ ದಿನ ಸಾಕಿತ್ತು. ಮೊದಲು ಪೆಟ್ಟಿಗೆಯಲ್ಲಿ ನಿಮ್ಮ ಲೈನ್ ಕೀಳುವುದು, ಆಗ ನಿನ್ನ ಮೂರು ಕ್ಯಾಮೆರಾವೂ ನಿನ್ನ ಫೋನಿಗೆ ಕುರುಡು. ಆಮೇಲೆ ಅವಳ ಎಡಗಡೆಯಿಂದ ಹೋಗುವುದು, ಕೇಳಿಸುವುದಿಲ್ಲವಲ್ಲ. ಮುಂದಿನದನ್ನೂ ಯೋಚಿಸಿದ್ದೆ. ಬರೆಯುವುದಿಲ್ಲ. ನಿನ್ನನ್ನೂ ಬಿಟ್ಟಿರಲಿಲ್ಲ ಎಂದಷ್ಟೇ ತಿಳಿದುಕೋ.

ನಮ್ಮ ಕೋಣೆಯಲ್ಲಿ ಒಬ್ಬ ಬಡಗಿ ಇದ್ದಾನೆ. ಗೀಚಿದ್ದು ನೋಡಿ "ಏನಣ್ಣ ಇದು?" ಎಂದ. ಹೇಳಿದೆ. ನನ್ನ ಜಾಣತನ ಕೊಚ್ಚಿಕೊಳ್ಳಲು ಒಬ್ಬ ಬೇಕಿತ್ತು. ಪೂರ್ತಿ ಕೇಳಿ ಅವನಿಗೆ ಖುಷಿಯೋ ಖುಷಿ. "ನಾನೂ ಹಂಗೇ ಅಣ್ಣ! ಅವಳ ಸೀರೆ ಒಣಗಕ್ಕೆ ಹಾಕಿದ್ದು ನೋಡಿ ಮನೆ ಪತ್ತೆ ಮಾಡ್ದೆ. ಬಾಗಿಲು ತೆಗೆದಾಗ ಕೈಯಲ್ಲಿ ಪೊರಕೆ ಹಿಡ್ಕೊಂಡಿದ್ಲು. ಉಳಿ ಒಂದೇ ಸಲಕ್ಕೆ ಒಳಗೆ ಹೋಯ್ತು, ಪೊರಕೆ ಬಿಡಲೇ ಇಲ್ಲ ನೋಡು" ಎಂದು ನಕ್ಕ. ನನ್ನ ಹೆಗಲು ತಟ್ಟಿ, "ನೀನು ನಮ್ಮೋನು ಬಿಡು" ಎಂದ.

ಹೊಡೆದೆ. ಮಡಚಿಟ್ಟ ಕಬ್ಬಿಣದ ಮಂಚದ ಕಾಲು ಕೈಗೆ ಸಿಕ್ಕಿತು. ಮೂರು ಜನ ಬಂದು ನನ್ನನ್ನು ಎಳೆಯುವ ಹೊತ್ತಿಗೆ ಅವನ ಬಾಯಿ ಬಾಯಾಗಿ ಉಳಿದಿರಲಿಲ್ಲ. ನೆಲದ ಮೇಲೆ ಹಲ್ಲು ಬಿದ್ದಿದ್ದವು. ನಾಲ್ಕು. ಒಂದು ಉರುಳಿಕೊಂಡು ಹೋಗಿ ನೀರು ಹೋಗುವ ತೂತಿನ ಜಾಲರಿಯಲ್ಲಿ ನಿಂತಿತ್ತು. ನೋಡುತ್ತಾ ಕೂತೆ. ಎಣಿಸಿದವನು ನಾನೇ. ಹನ್ನೊಂದು ಎಂದರೆ ಎಷ್ಟು ಎಂದು ಆಗ ಗೊತ್ತಾಯಿತು.

ನಿಮಗಾಗಿ ಹೊಡೆದೆ ಎಂದುಕೊಳ್ಳಬೇಡ. ಅಷ್ಟು ಒಳ್ಳೆಯವನಲ್ಲ. ಹೊಡೆಯುವಾಗ ಕೈಗೆ ಹಿತವಾಯಿತು. ಯಾರಿಗೆ ಹೊಡೆಯುತ್ತಿದ್ದೇನೆ ಎನ್ನುವುದೂ ಮರೆತಿತ್ತು, ಹಿತ ಮಾತ್ರ ಇತ್ತು. ಆಗಲೂ ಹಾಗೇ ಇತ್ತು, ಮೀಟರಿನವನು ಬಂದ ದಿನ, ಸ್ಪ್ಯಾನರಿನ ದಿನ. ಇದನ್ನು ನಿನಗೆ ಹೇಳಬೇಕಿತ್ತು. ನನ್ನ ತಲೆ ಇವತ್ತು ಬೇಡವೆನ್ನುತ್ತದೆ, ನಾಳೆ ಕೈ ಏನು ಹೇಳುತ್ತದೋ ಗೊತ್ತಿಲ್ಲ.

ಶಿಕ್ಷೆಯ ಕಡಿತ ಹೋಯಿತು. ಈಗ ಬಿಡುವುದು ಮುಂದಿನ ಮಾರ್ಚಿಗೆ. ಅಷ್ಟರೊಳಗೆ ಮಾಡಬೇಕಾದದ್ದು ಕೇಳು. ಮನೆ ಬದಲಿಸು. ಬೇರೆ ಕಂಪನಿಯ ಲೈನ್ ತಗೋ, ವರ್ಗ ಮಾಡಿಸಬೇಡ. ಹೆಸರನ್ನು ಈಗಲೇ ಅಳಿಸು. ನಿಮ್ಮಮ್ಮ ಇಟ್ಟದ್ದು ಅವಳು ಸಾಕಿದ್ದ ಆ ಬಿಳಿ ಬೆಕ್ಕಿನ ಹೆಸರು, ಹೌದೋ ಅಲ್ಲವೋ? ಮನೆ ಎಲ್ಲಿಗೆ ಹೋದರೂ ಹೆಸರು ಬೆನ್ನು ಹತ್ತಿ ಬರುತ್ತದೆ, ಹೆಸರು ಗೊತ್ತಿರುವವನಿಗೆ ಹೊಸ ನಂಬರನ್ನೂ ಕೊಡುತ್ತದೆ. ಅದು ಇರುವುದೇ ಅದಕ್ಕೆ. ಯಾವ ಸೇವೆ, ಯಾವ ಹೆಸರು ಎಂದು ನನಗೆ ಬರೆಯಬೇಡ. ನಂಬರಂತೂ ಯಾರಿಗೂ ಬರೆಯಬೇಡ.

ಇದಕ್ಕೆ ಉತ್ತರವೂ ಬೇಡ.

ಅಪ್ಪ


ಅಕ್ಟೋಬರ್ 8

ನನ್ನ ಮಗಳ ಅಪ್ಪನಿಗೆ,

ಉತ್ತರ ಬೇಡ ಎಂದಿದ್ದಿರಿ. ಇದು ಅವಳ ಉತ್ತರವಲ್ಲ, ನನ್ನದು. ಇಷ್ಟು ವರ್ಷದಲ್ಲಿ ನಿಮಗೆ ನಾನು ಬರೆಯುತ್ತಿರುವ ಮೊದಲ ಪತ್ರ. ನಿಮ್ಮ ಪತ್ರಗಳನ್ನೆಲ್ಲ ಓದಿದ್ದೇನೆ. ನನಗೆ ಕಾಣದ ಹಾಗೆ ಅವಳು ಹಿಟ್ಟಿನ ಡಬ್ಬಿಯ ಹಿಂದೆ ಇಡುತ್ತಿದ್ದಳು. ಅಡುಗೆಮನೆಯಲ್ಲಿ ನನ್ನಿಂದ ಏನು ಮುಚ್ಚಿಡಲಾಗುತ್ತದೆ?

ಬೆಕ್ಕಿನ ಹೆಸರೇ ಇಟ್ಟಿದ್ದೆ. ಆ ಬೆಕ್ಕನ್ನು ನೀವು ಗೋಡೆಗೆ ಬಡಿದು ಕೊಂದಿದ್ದಿರಿ. ನೀವು ಮರೆತಿರುತ್ತೀರಿ ಎಂದುಕೊಂಡಿದ್ದೆ.

ಆ ಮನೆ ಬಿಟ್ಟೆವು. ಊರನ್ನೂ ಬಿಟ್ಟೆವು. ಲೈನ್ ಬೇರೆ ಕಂಪನಿಯದು. ನೀವು ಹೇಳಿದಿರಿ ಎಂದಲ್ಲ, ಹೇಳಿದ್ದು ಸರಿಯಿತ್ತು ಎಂದು. ಈ ಪತ್ರವನ್ನು ವಕೀಲರು ಹಾಕುತ್ತಾರೆ, ಲಕೋಟೆಯ ಮೇಲಿನ ಮುದ್ರೆ ನೋಡಿ ಪ್ರಯೋಜನವಿಲ್ಲ.

ಹೊರಡುವ ಹಿಂದಿನ ದಿನ ಮಗಳು ನಿಮ್ಮ ಸರ್ವರ್ ಕಂಪ್ಯೂಟರನ್ನೂ ಸಾಮಾನಿನ ಜೊತೆ ಕಟ್ಟಿಟ್ಟಿದ್ದಳು. "ಅದರಲ್ಲಿರೋದೆಲ್ಲ ವಕೀಲರ ಹತ್ರ ಇದೆ ತಾನೆ?" ಎಂದು ಕೇಳಿದೆ. ಇದೆ ಎಂದಳು. ಅವಳು ಕೆಲಸಕ್ಕೆ ಹೋದ ಮೇಲೆ ಅದನ್ನು ನೆಲಕ್ಕಿಳಿಸಿ ಸುತ್ತಿಗೆ ತೆಗೆದುಕೊಂಡೆ. ಮೊದಲ ಏಟಿಗೆ ತಗಡು ಒಳಗೆ ಬಾಗಿತು. ಮೂರನೆಯದಕ್ಕೆ ಬಾಯಿಬಿಟ್ಟಿತು. ಒಳಗಿನ ಫ್ಯಾನಿನ ರೆಕ್ಕೆ ಸಿಡಿದು ನನ್ನ ಕೆನ್ನೆ ಕುಯ್ದಿತು, ರಕ್ತ ಕುತ್ತಿಗೆಗೆ ಇಳಿಯಿತು. ನಿಲ್ಲಿಸಲಿಲ್ಲ. ನಿಮ್ಮನ್ನು ಎಷ್ಟು ಹೆಸರಿನಿಂದ ಕರೆದೆನೋ, ಬಾಯಿಗೆ ಬಂದದ್ದನ್ನೆಲ್ಲ ಕೂಗಿದೆ. ಪಕ್ಕದ ಮನೆಯವಳು ಓಡಿ ಬಂದು ಬಾಗಿಲಲ್ಲೇ ನಿಂತುಬಿಟ್ಟಳು. "ಏನ್ರೀ ಇದು?" ಎಂದಳು. "ಹಳೇದು ಒಡೀತಿದ್ದೀನಿ" ಎಂದೆ. ಹದಿನೇಳು ಹೊಡೆದೆ. ನನ್ನ ಮಗಳ ಹಾಗೆ ನಾನೂ ಎಣಿಸಿಕೊಂಡೇ ಹೊಡೆದೆ. ಆಮೇಲೆ ಚೂರುಗಳನ್ನು ಗುಡಿಸಿ ಚೀಲಕ್ಕೆ ತುಂಬಿದೆ.

ಕೈಗೆ ಹಿತವಾಯಿತು ಎಂದು ಬರೆದಿದ್ದಿರಿ. ನಿಜ. ನನ್ನ ಕೈಗೂ ಹಿತವಾಯಿತು. ಇಂಥ ಹಿತ ನನಗೆ ಬಹಳ ವರ್ಷದಿಂದ ಸಿಕ್ಕಿರಲಿಲ್ಲ. ಅದು ಏನೆಂದು ನನಗೂ ಗೊತ್ತಾದ ಮೇಲೆ, ನೀವು ಹುಡುಕಿಕೊಂಡು ಬರುವುದಿಲ್ಲ ಎಂದು ನಂಬಲು ನನ್ನಿಂದ ಆಗುತ್ತಿಲ್ಲ. ಬರುತ್ತೀರಿ ಎಂದುಕೊಂಡೇ ಇರುತ್ತೇನೆ. ಸುತ್ತಿಗೆ ಬಾಗಿಲ ಹಿಂದೆ ಇದೆ. ಹಾಸಿಗೆಯನ್ನು ತಿರುಗಿಸಿ ಹಾಕಿಕೊಂಡಿದ್ದೇನೆ, ಕೇಳುವ ಕಿವಿ ಬಾಗಿಲ ಕಡೆಗಿದೆ.

ಮಗಳು ಸೋಪಿನ ಡಬ್ಬಿಯಷ್ಟು ಪುಟ್ಟದೊಂದು ಹೊಸ ಯಂತ್ರ ತಂದಿದ್ದಾಳೆ. ಮತ್ತೆ ಅದೇ ಚರ್ಚೆ, ಯಾವ ಸೇವೆ ಎಂದು. ಗೆಳೆಯರದ್ದು ಆಗಸ್ಟಿನಲ್ಲಿ ಎರಡು ದಿನ ನಿಂತೇಹೋಗಿತ್ತು. ಆ ಎರಡು ದಿನ ಅವಳು ಕೆಲಸಕ್ಕೇ ಹೋಗಲಿಲ್ಲ. ನಾನು ತಿಂಗಳಿಗೊಮ್ಮೆ ಕೇಳುವುದನ್ನೇ ಹಾಕು ಎಂದೆ. "ಅಮ್ಮಾ, ಅದು ಅಪ್ಪನದು" ಎಂದು ಜಗಳಕ್ಕೇ ನಿಂತಳು. "ಅವರಪ್ಪನದೇನಲ್ಲ, ಹಾಕು" ಎಂದೆ. ಸೇವೆ ಯಾವುದೆಂದು ನಿಮಗೆ ತಿಳಿದರೂ ಹೆಸರು ತಿಳಿಯುವುದಿಲ್ಲ. ಈ ಸಲ ಕಣ್ಣು ಮುಚ್ಚಿ ಕೀಲಿಮಣೆಯ ಮೇಲೆ ಬೆರಳು ಓಡಿಸಿದೆ, ಬಿದ್ದ ಅಕ್ಷರಗಳೇ ಹೆಸರು. ನನಗೇ ಬಾಯಲ್ಲಿ ಹೇಳಲು ಬರುವುದಿಲ್ಲ.

ತಿಂಗಳ ಕೊನೆಯಲ್ಲಿ ಫೋನಿಗೆ ಮೇಲ್ ಬರುತ್ತದೆ, ಇನ್ನೂ ಇದ್ದೀರಾ ಎಂದು. ಮಗಳು ಹತ್ತಿರ ಬಂದರೆ ಕೈ ತಳ್ಳುತ್ತೇನೆ. ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಗಟ್ಟಿ ಬಿಸ್ಕತ್ತೊಂದನ್ನು ಹೊಸ ಹಲ್ಲಿನಲ್ಲಿ ಕಟಕಟ ಕಡಿಯುತ್ತಾ, ಇದ್ದೇನೆ ಎಂದು ನಾನೇ ಗುಂಡಿ ಒತ್ತುತ್ತೇನೆ.

ಹೋದ ತಿಂಗಳದ್ದು ಒತ್ತಿ ಆಯಿತು.

ಇಂತಿ,
ಅವಳ ಅಮ್ಮ